ಗುಡ್ಡದ ಗೇಣು ಮಣ್ಣು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ರೈತರ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡುವ ಮನುಷ್ಯ ಅಲ್ಲ. ಮೇವಿನ ಬಗ್ಗೆ ನಾಲ್ಕು ಮಾತು ಹೇಳು ಅಂತ ಅಧ್ಯಕ್ಷರು ಒತ್ತಾಯ ಮಾಡಿದ್ದಕ್ಕೆ ಎದ್ದು ನಿಂತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಸಹಕಾರದ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಇದೇ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲ, ಬಡ್ಡಿ, ಅಸಲು ಅನ್ನುವ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಂದು ಖಾತೆಯ ಲೆಕ್ಕ ಮಾತ್ರ ನಾವು ಈ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ತೆಗೆದು ನೋಡಿಲ್ಲ. ಅದು ನಮ್ಮೂರ ಹಿಂದಿನ ಗುಡ್ಡದ ಖಾತೆ. ಅಲ್ಲಿ ಹುಲ್ಲು ಅಂದರೆ ಬಡ್ಡಿ, ಮಣ್ಣು ಅಂದರೆ ಅಸಲು. ನಾವು ಬಡ್ಡಿ ತಿಂದು ಮುಗಿಸಿ ಈಗ ಅಸಲಿಗೆ ಕೈ ಹಾಕಿದ್ದೇವೆ. ಇದೇ ನನ್ನ ಇವತ್ತಿನ ವಿಷಯ.

ನಮ್ಮೂರು ಕಪ್ಪತಗುಡ್ಡದ ಬುಡದಲ್ಲಿದೆ. ಮಳೆ ಅಂದರೆ ವರ್ಷಕ್ಕೆ ಸುಮಾರು 600 ಮಿಲಿಮೀಟರು, ಅದೂ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಗುಡ್ಡದ ಮೇಲಿನ ಕಾಡು 2019ರಲ್ಲಿ ವನ್ಯಜೀವಿ ಧಾಮ ಆಯಿತು. ಸುಮಾರು 244 ಚದರ ಕಿಲೋಮೀಟರು. ಅದು ಆಗಬೇಕಾದದ್ದೇ ಆಗಿತ್ತು, ಅದಕ್ಕಾಗಿ ಮಠದವರು, ರೈತರು, ವಿದ್ಯಾರ್ಥಿಗಳು ಎಲ್ಲರೂ ಹೋರಾಡಿದ್ದಾರೆ. ನಾನು ಹೇಳುವುದು ಆ ಕಾಡಿನ ಮಾತಲ್ಲ. ಅದರ ಕೆಳಗೆ, ಊರಿಗೂ ಕಾಡಿಗೂ ನಡುವೆ ಇರುವ ಗಾಯರಾಣ ಮತ್ತು ನಮ್ಮ ನಮ್ಮ ಮಡ್ಡಿ ಹೊಲಗಳ ಮಾತು. ನಮ್ಮ ದನ ಕರು ಮೇಯುವುದು ಅಲ್ಲಿ. ಡೇರಿಗೆ ಬರುವ ಹಾಲಿನಲ್ಲಿ ಹಿಂಡಿಯ ಪಾಲು ಎಷ್ಟಿದೆಯೋ, ಮಳೆಗಾಲದ ನಾಲ್ಕು ತಿಂಗಳು ಆ ಗುಡ್ಡದ ಪಾಲೂ ಅಷ್ಟೇ ಇದೆ.

ಆ ಮಣ್ಣು ಎಂಥದ್ದು? ಕೆಳಗಿನ ಎರಿ ಹೊಲದಂತೆ ಅದೂ ಜಿಗಟು ಮಣ್ಣೇ. ಪರೀಕ್ಷೆ ಮಾಡಬೇಕೆಂದರೆ ಒಂದು ಹಿಡಿ ಮಣ್ಣಿನಿಂದ ಹರಳು ತೆಗೆದು, ನೀರು ಹಾಕಿ ಚೆನ್ನಾಗಿ ನಾದಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಮುಂದಕ್ಕೆ ನೂಕಿರಿ. ಹರಿಯದೆ ಎರಡು ಇಂಚಿಗಿಂತ ಉದ್ದ ಬಂದರೆ ಅದು ಜಿಗಟು. ಗುಡ್ಡದ ಮಣ್ಣು ಎರಡೂವರೆ ಇಂಚು ಬರುತ್ತದೆ. ಆದರೆ ಎರಿ ಹೊಲದಲ್ಲಿ ಆಳು ಉದ್ದ ಮಣ್ಣಿದ್ದರೆ ಇಲ್ಲಿ ಇರುವುದು ಒಂದು ಗೇಣು. ಅದರಲ್ಲಿಯೂ ಮೂರರಲ್ಲಿ ಒಂದು ಪಾಲು ಕಲ್ಲು. ಗೇಣಿನ ಕೆಳಗೆ ಗರಸು, ಗರಸಿನ ಕೆಳಗೆ ಬಂಡೆ. ಕಪ್ಪತಗುಡ್ಡದ ಕಲ್ಲು 250 ಕೋಟಿ ವರ್ಷಕ್ಕೂ ಹಿಂದಿನದು ಎಂದು ಭೂಗರ್ಭ ಶಾಸ್ತ್ರದವರು ಹೇಳುತ್ತಾರೆ. ಅಂಥ ಕಲ್ಲು ಬಿಸಿಲು ಮಳೆಗೆ ಕರಗಿ ಒಂದು ಇಂಚು ಮಣ್ಣಾಗಲು ನೂರಾರು ವರ್ಷ ಬೇಕು.

ಈಗ ನೀರಿನ ಲೆಕ್ಕ ನೋಡೋಣ. ಗೇಣು ಅಂದರೆ 22–23 ಸೆಂಟಿಮೀಟರು. ಅದರಲ್ಲಿ ಕಲ್ಲು ಕಳೆದರೆ ನಿಜವಾದ ಮಣ್ಣು 15 ಸೆಂಟಿಮೀಟರು. ಜಿಗಟು ಮಣ್ಣು ನೀರು ಬಹಳ ಹಿಡಿಯುತ್ತದೆ, ಖರೆ. ಆದರೆ ಹಿಡಿದದ್ದರಲ್ಲಿ ಸುಮಾರು ಅರ್ಧ ಬೇರಿಗೆ ಬಿಟ್ಟುಕೊಡುವುದಿಲ್ಲ, ಜಿಪುಣ ಸಾಹುಕಾರನಂತೆ ತಾನೇ ಇಟ್ಟುಕೊಳ್ಳುತ್ತದೆ. ಬೇರಿಗೆ ಸಿಗುವುದು ಸುಮಾರು 25 ಮಿಲಿಮೀಟರು, ಅಂದರೆ ಒಂದು ಇಂಚು ಮಳೆಯಷ್ಟು. ಬಿಸಿಲು ಬಿದ್ದರೆ ಹಸಿರು ಹುಲ್ಲು ದಿನಕ್ಕೆ 4–5 ಮಿಲಿಮೀಟರು ಕುಡಿಯುತ್ತದೆ. ಐದಾರು ದಿನಕ್ಕೆ ಗಡಿಗೆ ಖಾಲಿ. ಒಂದು ಮೀಟರು ಆಳದ ಎರಿ ಹೊಲ 150ರಿಂದ 200 ಮಿಲಿಮೀಟರು ಕೂಡಿಡುತ್ತದೆ. ಅದಕ್ಕೇ ಹಿಂಗಾರಿ ಜೋಳ, ಕಡಲೆ ಮಳೆ ಇಲ್ಲದೆಯೂ ಬರುತ್ತವೆ. ಎರಿ ಹೊಲ ಅಂದರೆ ಹಗೇವು, ಗುಡ್ಡದ ಮಣ್ಣು ಅಂದರೆ ಅಡುಗೆ ಮನೆಯ ಮಣ್ಣಿನ ಕುಡಿಕೆ. ಹಗೇವಿನಿಂದ ಒಂದು ಚೀಲ ತೆಗೆದರೆ ತಿಳಿಯುವುದಿಲ್ಲ. ಕುಡಿಕೆಯಿಂದ ಒಂದು ಹಿಡಿ ತೆಗೆದರೆ ರಾತ್ರಿ ಊಟಕ್ಕೆ ಕಮ್ಮಿ ಬೀಳುತ್ತದೆ.

ಇನ್ನೊಂದು ಗುಣ ಇದೆ. ಬೇಸಿಗೆಯಲ್ಲಿ ಈ ಮಣ್ಣು ಬಿರಿಯುತ್ತದೆ. ಮೊದಲ ಮಳೆ ಬಿರುಕಿನೊಳಗೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಬಾಗಿಲು ಹಾಕಿದಂತೆ. ಹಸಿಯಾದ ಜಿಗಟು ಮಣ್ಣಿನಲ್ಲಿ ತಾಸಿಗೆ ಕೆಲವೇ ಮಿಲಿಮೀಟರು ನೀರು ಇಂಗುತ್ತದೆ. ನಮ್ಮ ಮಳೆಯೋ ಅರ್ಧ ತಾಸಿನಲ್ಲಿ ಒಂದು ಇಂಚು ಹೊಡೆದು ಹೋಗುವಂಥದ್ದು. ಉಳಿದ ನೀರು ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ. ಹೋಗುವಾಗ ಬರಿಗೈಲಿ ಹೋಗುವುದಿಲ್ಲ. ಒಂದು ಎಕರೆಯಿಂದ ಒಂದು ಮಿಲಿಮೀಟರು ಮಣ್ಣು ಹೋದರೆ ಸುಮಾರು 5 ಟನ್ನು. ಕಣ್ಣಿಗೆ ಕಾಣುವುದಿಲ್ಲ, ಆದರೆ ಒಂದು ಟ್ರೇಲರ್ ತುಂಬುತ್ತದೆ. ಆ ನೀರಿನ ಓಟ ತಡೆಯುವುದು ಎರಡೇ, ಹುಲ್ಲಿನ ಬುಡ ಮತ್ತು ಮೇಲೆ ಬಿದ್ದಿರುವ ಕಲ್ಲು.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಕೈ ಸುಟ್ಟುಕೊಂಡು ಕಲಿತೆ. ಗುಡ್ಡದ ಬುಡದಲ್ಲಿ ನಮ್ಮದು ನಾಲ್ಕು ಎಕರೆ ಮಡ್ಡಿ ಇದೆ. ನಮ್ಮ ಅಜ್ಜ ಅದನ್ನು ಹುಲ್ಲಿಗೆ ಬಿಟ್ಟಿದ್ದ. ರಂಟಿ ಹೂಡಲು ಬಿಡುತ್ತಿರಲಿಲ್ಲ. "ಅದು ಎತ್ತಿನ ಊಟದ ತಾಟು, ತಾಟು ಒಡೀಬ್ಯಾಡ್ರಿ" ಅನ್ನುತ್ತಿದ್ದ. ಅಜ್ಜ ಹೋದ ಮೇಲೆ, ಎತ್ತು ಮಾರಿದ ಮೇಲೆ, 2007ರಲ್ಲಿ ನಾನು ಬಾಡಿಗೆ ಟ್ರ್ಯಾಕ್ಟರ್ ತಂದು ಆ ನಾಲ್ಕು ಎಕರೆ ಆಳವಾಗಿ ಉಳುಮೆ ಮಾಡಿಸಿದೆ. ಕಲ್ಲು ಆರಿಸಿ ಬದುವಿಗೆ ಒಟ್ಟಿದೆ. ವಯಸ್ಸಿನ ಹುಮ್ಮಸ್ಸು. ಮೊದಲ ವರ್ಷ ಸಜ್ಜೆ ಎದೆಮಟ್ಟ ಬಂತು. ಊರವರೆಲ್ಲ ನೋಡಿ ಹೊಗಳಿದರು. ಅದು ನನ್ನ ಬುದ್ಧಿಯಿಂದ ಬಂದ ಬೆಳೆ ಅಲ್ಲ, ಎಷ್ಟೋ ವರ್ಷದ ಹುಲ್ಲಿನ ಬೇರು ಕೊಳೆತು ಕೊಟ್ಟ ಗೊಬ್ಬರ ಅಂತ ಆಗ ತಿಳಿಯಲಿಲ್ಲ. ಎರಡನೆಯ ವರ್ಷ ಹುರುಳಿ ಅರ್ಧ ಬಂತು. ಮೂರನೆಯ ವರ್ಷ 2009. ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕದಲ್ಲಿ ಯಾರು ಮರೆತಿದ್ದಾರೆ? ಊರು ಊರೇ ನೀರಲ್ಲಿ ನಿಂತವು. ಮಳೆ ಬಿಟ್ಟ ಮೇಲೆ ಹೋಗಿ ನೋಡಿದರೆ ಹೊಲದ ಮೇಲ್ಭಾಗದಲ್ಲಿ ಬಂಡೆ ತೊಳೆದು ಇಟ್ಟಂತೆ ಕಾಣುತ್ತಿತ್ತು. ನಡುವೆ ಮೊಣಕಾಲುದ್ದ ಕೊರಕಲು ಬಿದ್ದಿತ್ತು.

ನಾನು ಬದುವಿನ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. ನಾನೇ ಕೇಳಿದೆ, "ಕಾಕಾ, ಹಿಂಗ್ಯಾಕ ಆತ್ರಿ?" ಅವರು ಹೇಳಿದರು, "ತಮ್ಮಾ, ಇದು ಹೊಲ ಅಲ್ಲೋ, ಗುಡ್ಡದ ತೊಗಲು. ನೀ ತೊಗಲು ಸುಲದಿ." ಅಷ್ಟೇ ಅಂದು ಕುರಿ ಹಿಂದೆ ಹೋದರು. ಆ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ನಾನು ಬದುವಿಗೆ ಒಟ್ಟಿದ್ದ ಕಲ್ಲನ್ನೇ ತಿರುಗಿ ತಂದು ಇಳಿಜಾರಿಗೆ ಅಡ್ಡವಾಗಿ ಸಾಲು ಹಾಕಿದೆ. ಮೂರು ವರ್ಷ ದನ ಬಿಡಲಿಲ್ಲ. ಹುಲ್ಲು ಬಂತು. ಆದರೆ ಮಣ್ಣು ಬರಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಹಾರೆ ತಗೊಂಡು ಹೋಗಿ ಹತ್ತು ಕಡೆ ಚುಚ್ಚಿ ನೋಡಿದೆ. ಪಕ್ಕದ, ಎಂದೂ ಉಳುಮೆ ಕಾಣದ ಹೊಲದಲ್ಲಿ ಗೇಣು ಇಳಿಯಿತು. ನನ್ನದರಲ್ಲಿ ಗೇಣಿಗೆ ಮೂರು ಬೆರಳು ಕಮ್ಮಿ. ಮೂರು ಬೆರಳು ಅಂದರೆ ಎರಡು ಇಂಚು, 50 ಮಿಲಿಮೀಟರು. ಎಕರೆಗೆ 250 ಟನ್ನು, ನಾಲ್ಕು ಎಕರೆಗೆ ಹೆಚ್ಚು ಕಮ್ಮಿ 1000 ಟನ್ನು. ಎರಡು ವರ್ಷದ ಸಜ್ಜೆ, ಹುರುಳಿಗೆ ನಾನು ಕೊಟ್ಟ ಬೆಲೆ ಇದು. ಹೋದದ್ದು ಸಣ್ಣ ಮಣ್ಣು, ಉಳಿದದ್ದರಲ್ಲಿ ಅರ್ಧಕ್ಕರ್ಧ ಕಲ್ಲು. ಐದಾರು ದಿನದ ನೀರು ಹಿಡಿಯುತ್ತಿದ್ದ ನೆಲ ಈಗ ಮೂರು ದಿನದ್ದು ಹಿಡಿಯುತ್ತದೆ. ಎರಡು ಮಳೆಯ ನಡುವೆ ಪಕ್ಕದ ಹೊಲ ಹಸಿರಾಗಿರುವಾಗ ನನ್ನದು ಕೆಂಪಾಗುತ್ತದೆ.

ನನ್ನದು ನಾಲ್ಕು ಎಕರೆ. ಊರಿನ ಗಾಯರಾಣದಲ್ಲಿಯೂ ಇದೇ ಕೆಲಸ ನಿಧಾನವಾಗಿ ನಡೆದಿದೆ. ಅಲ್ಲಿ ಟ್ರ್ಯಾಕ್ಟರ್ ಬೇಕಾಗಿಲ್ಲ, ನಮ್ಮ ದನದ ಕಾಲು ಸಾಕು. ಹಸಿ ಇದ್ದಾಗ ದನ ಹತ್ತಿದರೆ ಜಿಗಟು ಮಣ್ಣು ಗೊರಸಿನ ಕೆಳಗೆ ಇಟ್ಟಂಗಿಯಂತೆ ಗಟ್ಟಿಯಾಗುತ್ತದೆ. ಮುಂದಿನ ಮಳೆ ಅದರೊಳಗೆ ಇಳಿಯುವುದಿಲ್ಲ. ಮೊದಲು ಹೋಗುವುದು ದನಕ್ಕೆ ರುಚಿಯಾದ, ಬುಡ ಕಟ್ಟುವ ಅಂಜನದಂಥ ಹುಲ್ಲು. ಅದರ ಜಾಗಕ್ಕೆ ಸೂಜಿಯಂಥ ಬೀಜದ, ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಹುಲ್ಲು ಬರುತ್ತದೆ. ಅದೂ ಹೋದರೆ ದನ ಮುಟ್ಟದ ತಂಗಡಿ, ಬಂದರಿ, ಕಾಂಗ್ರೆಸ್ ಕಸ. ಕೊನೆಗೆ ಕಲ್ಲು. ಈ ನಾಲ್ಕು ಮೆಟ್ಟಿಲಲ್ಲಿ ನಾವು ಮೂರನೆಯದರಲ್ಲಿ ನಿಂತಿದ್ದೇವೆ. 2023ರಲ್ಲಿ ಸರಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. ಆ ವರ್ಷ ನಮ್ಮಲ್ಲಿ ಎಷ್ಟು ಮಂದಿ ಹಿಂಡುವ ಎಮ್ಮೆ ಸಂತೆಗೆ ಹೊಡೆದರು ಅನ್ನುವುದು ಸಂಘದ ಹಾಲಿನ ಪುಸ್ತಕದಲ್ಲಿ ಇದೆ, ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಗುಡ್ಡ ಹಾಳಾಗಲು ಕುರಿ ಕಾರಣ ಅಂತ ಡೇರಿ ಕಟ್ಟೆಯ ಮೇಲೆ ದಿನಾ ಮಾತು ನಡೆಯುತ್ತದೆ. ಕುರಿ ಬುಡದ ತನಕ ಮೇಯುತ್ತದೆ, ಸುಳ್ಳಲ್ಲ. ಆದರೆ ಕುರಿ ಹಿಂಡು ಊರೂರು ತಿರುಗುತ್ತದೆ. ನಮ್ಮ ಆಕಳು, ಎಮ್ಮೆ ಬಾರಾ ತಿಂಗಳು ಅಲ್ಲೇ ಇರುತ್ತವೆ. ಸುಗ್ಗಿ ಮುಗಿದ ಮೇಲೆ ಅದೇ ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಮಾಡಿಸಿಕೊಳ್ಳುವವರೂ ನಾವೇ. ಬೈಯುವಾಗ ಅವರು, ಬೇಕಾದಾಗ ನಮ್ಮವರು ಅಂದರೆ ನ್ಯಾಯ ಅಲ್ಲ. ದೋಷ ಯಾವ ಪ್ರಾಣಿಯದೂ ಅಲ್ಲ. ಹುಲ್ಲಿಗೆ ಉಸಿರಾಡಲು ಬಿಡದ ನಮ್ಮದು.

ಹಾಗಾದರೆ ಏನು ಮಾಡಬೇಕು? ಮೊದಲು, ಏನು ಮಾಡಬಾರದು ಅನ್ನುವುದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಯೋಜನೆಯಲ್ಲಿ ಗಾಯರಾಣದಲ್ಲಿ ಯಂತ್ರದಿಂದ ಗುಂಡಿ ತೋಡಿ ಸಸಿ ಇಟ್ಟರು. ಮನಸ್ಸು ಒಳ್ಳೆಯದೇ ಇತ್ತು. ಆದರೆ ಗೇಣು ಮಣ್ಣಿನ ನೆಲದಲ್ಲಿ ಎರಡು ಅಡಿ ತೋಡಿದರೆ ಒಳಗಿನ ಗರಸು ಮೇಲೆ ಬಂದು ಇದ್ದ ಹುಲ್ಲನ್ನು ಮುಚ್ಚಿತು. ಮಳೆಯಲ್ಲಿ ಗುಂಡಿ ಬೋಗುಣಿಯಂತೆ ನೀರು ಹಿಡಿದು ಸಸಿಯ ಬೇರು ಕೊಳೆಯಿತು. ಬೇಸಿಗೆಯಲ್ಲಿ ಮಣ್ಣು ಬಿರಿದು ಉಳಿದ ಬೇರು ಹರಿಯಿತು. ಮಣ್ಣು ಆಳ ಇದ್ದಲ್ಲಿ, ಮೆತ್ತನೆಯ ಗರಸು ಇದ್ದಲ್ಲಿ ಗುಂಡಿ ಒಳ್ಳೆಯದು. ಹಾರೆ ಚುಚ್ಚಿ ನೋಡದೆ ಎಲ್ಲ ಕಡೆ ಒಂದೇ ಅಳತೆ ಅಂದರೆ ನಡೆಯುವುದಿಲ್ಲ.

ಮಣ್ಣಿನ ಒಡ್ಡಿನದೂ ಅದೇ ಕಥೆ. ಮುಂಬಯಿ ಸರಕಾರ 1942ರಲ್ಲಿ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದ ಮೇಲೆ ನಮ್ಮ ಕಡೆ ಸಮಪಾತಳಿ ಒಡ್ಡು ಹಾಕುವ ಕೆಲಸ ದೊಡ್ಡದಾಗಿ ನಡೆಯಿತು. ಮಸಾರಿಯಲ್ಲಿ ಅವು ನಿಂತವು. ಜಿಗಟು ಎರಿಯಲ್ಲಿ ಒಡ್ಡೇ ಬಿರಿದು, ಮೊದಲ ದೊಡ್ಡ ಮಳೆಗೆ ಬಿರುಕಿನಲ್ಲಿ ನೀರು ನುಗ್ಗಿ ಒಡೆದವು, ಒಡೆಯದಿದ್ದಲ್ಲಿ ನೀರು ನಿಂತು ಬೆಳೆ ಹಳದಿಯಾಯಿತು. ಅದಕ್ಕೇ ಆಮೇಲೆ ತಜ್ಞರು ಎರಿ ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡು, ಅದಕ್ಕೊಂದು ಕಲ್ಲಿನ ಕೋಡಿ ಎಂದು ಹೇಳಿದರು. ಬಳ್ಳಾರಿಯಲ್ಲಿ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಇರುವುದು ಇಂಥದ್ದನ್ನು ನೋಡುವುದಕ್ಕೇ.

ಈಗ ಮಾಡಬೇಕಾದದ್ದು. ಒಂದನೆಯದು, ಕಲ್ಲು ಮತ್ತು ಗರಸು ಹೇರುವುದು ನಿಲ್ಲಬೇಕು. ಮನೆ ಬುನಾದಿಗೆ, ರಸ್ತೆಗೆ ಗಾಯರಾಣದಿಂದ ಟ್ರೇಲರ್‌ಗಟ್ಟಲೆ ಹೋಗುತ್ತಿದೆ. ಮೇಲೆ ಬಿದ್ದ ಕಲ್ಲು ಕಸ ಅಲ್ಲ. ಮಳೆ ಹನಿಯ ಪೆಟ್ಟು ಅದು ತಿನ್ನುತ್ತದೆ, ಕೆಳಗಿನ ಹಸಿ ಉಳಿಸುತ್ತದೆ. ಬೇಸಿಗೆಯಲ್ಲಿ ಒಂದು ಕಲ್ಲು ಎತ್ತಿ ನೋಡಿ, ಕೆಳಗೆ ತಂಪಿರುತ್ತದೆ. ನಮ್ಮ ಗದಗ, ರೋಣ, ಕೊಪ್ಪಳ ಕಡೆಯ ರೈತರು ಎರಿ ಹೊಲಕ್ಕೆ ಹಳ್ಳದ ಉಸುಕು ಹೇರಿ ಹೊದಿಸುತ್ತಿದ್ದದ್ದು ಇದೇ ಉದ್ದೇಶಕ್ಕೆ. ಅವರು ರೊಕ್ಕ ಕೊಟ್ಟು ಹೊದಿಸಿದರು, ನಮಗೆ ಗುಡ್ಡ ಪುಕ್ಕಟೆ ಹೊದಿಸಿದೆ. ನಾವು ಹೊದಿಕೆ ಕಿತ್ತು ಮಾರುತ್ತಿದ್ದೇವೆ.

ಎರಡನೆಯದು, ಸಡಿಲಾಗಿ ಬಿದ್ದ ಕಲ್ಲನ್ನು ಇಳಿಜಾರಿಗೆ ಅಡ್ಡಲಾಗಿ ಗೇಣೆತ್ತರ ಸಾಲು ಹಾಕುವುದು. ನೆಲದಲ್ಲಿ ಹೂತ ಕಲ್ಲು ಕೀಳಬಾರದು. ನೀರು ಕಲ್ಲಿನ ಸಂದಿಯಲ್ಲಿ ಸೋಸಿ ಹೋಗುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ಇದಕ್ಕೆ ಯಂತ್ರ ಬೇಡ, ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಮೂರನೆಯದು, ಗಾಯರಾಣವನ್ನು ನಾಲ್ಕು ಪಟ್ಟಿ ಮಾಡಿ ಪ್ರತಿ ವರ್ಷ ಒಂದು ಪಟ್ಟಿ ಬಿಡುವು ಕೊಡುವುದು. ಮುಂಗಾರಿನ ಮೊದಲ ಮಳೆಯಿಂದ ಶೀಗಿ ಹುಣ್ಣಿಮೆ ದಾಟಿ ಹುಲ್ಲಿನ ಬೀಜ ಉದುರುವ ತನಕ ಅಲ್ಲಿ ಒಂದು ಕಾಲೂ ಬೀಳಬಾರದು. ಆಮೇಲೆ ಕುಡುಗೋಲಿನಿಂದ ಕೊಯ್ಯಬೇಕು, ನಾಲ್ಕು ಬೆರಳು ಬುಡ ಬಿಟ್ಟು. ಕೊಯ್ದ ಹುಲ್ಲು ಡೇರಿ ಸದಸ್ಯರಿಗೂ, ಸದಸ್ಯರಲ್ಲದ ಕುರಿಗಾರರಿಗೂ ಪಾಲು. ಉಳಿದ ಮೂರು ಪಟ್ಟಿಯಲ್ಲಿಯೂ ದೊಡ್ಡ ಮಳೆಯಾದ ಮೇಲೆ ಮೂರು ದಿನ ದನ ಹತ್ತಿಸಬಾರದು. ಆ ಮೂರು ದಿನಕ್ಕೆ ಕಣಕಿ ಇಟ್ಟುಕೊಳ್ಳೋಣ.

ನಾಲ್ಕನೆಯದು, ಬಿಡುವು ಕೊಟ್ಟ ಪಟ್ಟಿಯಲ್ಲಿ ಬೀಜ ಚೆಲ್ಲುವುದು. ಅಂಜನ ಹುಲ್ಲಿನ ಜೊತೆ ಸ್ಟೈಲೋ. ಸ್ಟೈಲೋದಲ್ಲಿ ಜಾತಿ ನೋಡಬೇಕು. ಹಮಾಟ ಎನ್ನುವುದು ಗರಸು ಮಸಾರಿಗೆ ಚಲೋ, ಜಿಗಟು ಮಣ್ಣಿಗೆ ಸೀಬ್ರಾನ ಎನ್ನುವುದು ಹೊಂದುತ್ತದೆ. ಅದರ ಬೀಜದ ಸಿಪ್ಪೆ ಗಟ್ಟಿ, ಕುದಿ ಇಳಿದ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ ಆರಿಸಿ ಚೆಲ್ಲಬೇಕು. ಧಾರವಾಡದಲ್ಲಿ ಹುಲ್ಲು ಮತ್ತು ಮೇವಿನ ಸಂಶೋಧನಾ ಕೇಂದ್ರವೇ ಇದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸಂಘದಿಂದ ಹೋಗಿ ಕೇಳೋಣ.

ಗಾಯರಾಣ ಸಂಘದ ಆಸ್ತಿ ಅಲ್ಲ, ಊರಿನದು. ಆದ್ದರಿಂದ ಇದು ಗ್ರಾಮಸಭೆಯಲ್ಲಿ ಠರಾವು ಆಗಬೇಕು. ಆ ಸಭೆಗೆ ಕುರಿಗಾರರನ್ನು ಮೊದಲು ಕರೆಯಬೇಕು, ನಾವು ತೀರ್ಮಾನ ಮಾಡಿದ ಮೇಲೆ ತಿಳಿಸುವುದಲ್ಲ. ಹುಲ್ಲಿನ ಹೆಸರು, ಅದು ಬೀಜ ಕಟ್ಟುವ ಕಾಲ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನನ್ನ ಹೊಲಕ್ಕೆ ಏನಾಗಿದೆ ಅಂತ ಎರಡು ಮಾತಿನಲ್ಲಿ ಹೇಳಿದವರು ಅವರೇ.

ಕೊನೆಯ ಮಾತು. ಬೆಳ್ಳಿಹಬ್ಬದ ನೆನಪಿಗೆ ಸಂಘದ ಮುಂದೆ ಒಂದು ಕಮಾನು ಕಟ್ಟಬೇಕೆಂದು ಆಡಳಿತ ಮಂಡಳಿಯಲ್ಲಿ ತೀರ್ಮಾನ ಆಗಿದೆ. ಅವತ್ತು ನಾನೂ ಕೈ ಎತ್ತಿದ್ದೇನೆ, ಈಗ ಇಲ್ಲ ಅನ್ನುವುದಿಲ್ಲ. ಆದರೆ ಅಧ್ಯಕ್ಷರಲ್ಲಿ ಮತ್ತು ಸದಸ್ಯರಲ್ಲಿ ಒಂದು ವಿನಂತಿ. ಕಮಾನು ಸ್ವಲ್ಪ ಸಣ್ಣದಾಗಲಿ. ಉಳಿದ ಹಣದಲ್ಲಿ ಐದು ಎಕರೆ ಗಾಯರಾಣಕ್ಕೆ ಬೀಜ, ಕಲ್ಲಿನ ಸಾಲು, ಒಬ್ಬ ಕಾವಲುಗಾರ. ಐದು ವರ್ಷ ನೋಡೋಣ. ವರ್ಷಕ್ಕೊಮ್ಮೆ ಮಳೆಗಾಲದಲ್ಲಿ ಎಲ್ಲರ ಎದುರಿಗೆ ಹಾರೆ ಚುಚ್ಚಿ ಆಳ ಅಳೆಯೋಣ, ಕೊಯ್ದ ಹುಲ್ಲು ತೂಗೋಣ, ಹಾಲಿನ ಲೆಕ್ಕದಂತೆ ಅದನ್ನೂ ಬರೆದಿಡೋಣ. ಮಣ್ಣು ಹೆಚ್ಚಾಗುವುದನ್ನು ನಮ್ಮ ಕಾಲದಲ್ಲಿ ಯಾರೂ ನೋಡುವುದಿಲ್ಲ. ಕಮ್ಮಿ ಆಗಲಿಲ್ಲ ಅಂದರೆ ಅದೇ ಲಾಭ. ಐದು ವರ್ಷದ ಮೇಲೆ ಹುಲ್ಲು ಹೆಚ್ಚಾಗದಿದ್ದರೆ ಆ ಖರ್ಚು ನನ್ನ ತಪ್ಪು ಅಂತ ಇದೇ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಒಮ್ಮೆ ಒಪ್ಪಿಕೊಂಡು ರೂಢಿ ಇದೆ.

ನಮ್ಮ ಹಿರಿಯರು ನಮಗೆ ಸಂಘ ಕೊಟ್ಟರು, ಜೊತೆಗೆ ಗೇಣು ಮಣ್ಣಿನ ಗುಡ್ಡವನ್ನೂ ಕೊಟ್ಟರು. ಸಂಘ ಹೋದರೆ ಮತ್ತೆ ಹತ್ತು ಮಂದಿ ಕೂಡಿ ಕಟ್ಟಬಹುದು. ಮಣ್ಣು ಹೋದರೆ ಎಷ್ಟು ಷೇರು ಕೂಡಿಸಿದರೂ ಬರುವುದಿಲ್ಲ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ವೇದಿಕೆಯ ಮೇಲೆ ನಿಲ್ಲುವ ನಮ್ಮ ಮಕ್ಕಳು ಹಾರೆ ಚುಚ್ಚಿದಾಗ ಗೇಣು ಇಳಿಯಬೇಕು. ಅಷ್ಟು ಮಾಡೋಣ.

 

ಜೈ ಸಹಕಾರ.